ಕರೆಗಂಟೆ ಮರೆತ ಹ್ಯಾಲೋವೀನ್



ನವೆಂಬರ್ 1 ಎಂದರೆ ನಮ್ಮ ಸಂಘದ ಹಿರಿಯರಿಗೆ ರಾಜ್ಯೋತ್ಸವ. ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದಾದ ಸುದಿನ. ನಿಮ್ಮಲ್ಲಿ ಕೆಲವರಿಗಾದರೋ ಅದು ಹಿಂದಿನ ರಾತ್ರಿ ಮುಖಕ್ಕೆ ಬಳಿದುಕೊಂಡ ಬಣ್ಣ ಹೋಗದೆ ಸೋಪು ತಿಕ್ಕುತ್ತ ಕೂರುವ ದಿನ! ಧ್ವಜವಂದನೆಗೆ ಬಂದ ಹುಡುಗನೊಬ್ಬನ ಕಿವಿಯ ಹಿಂದೆ ಇನ್ನೂ ‘ರಕ್ತ’ ಅಂಟಿಕೊಂಡಿದ್ದುದನ್ನು ಕಂಡು ನಾನು ನಕ್ಕಿದ್ದೇನೆ. ಹೆದರಬೇಡಿ, ಪಾಶ್ಚಾತ್ಯರ ಅಂಧಾನುಕರಣೆಯ ಬಗ್ಗೆ ಭಾಷಣ ಬಿಗಿಯಲು ಪೆನ್ನು ಹಿಡಿದಿಲ್ಲ. ಅಂಥ ಭಾಷಣಗಳನ್ನು ನೀವು ನಮ್ಮ ವೇದಿಕೆಯ ಮೇಲೆಯೇ ಸಾಕಷ್ಟು ಕೇಳಿದ್ದೀರಿ. ನನ್ನ ತಕರಾರು ಬೇರೆಯದು. ಇಲ್ಲಿ ಮುಂಬಯಿಯ ಮಾಲುಗಳಲ್ಲಿ, ಸೊಸೈಟಿಯ ಕ್ಲಬ್‌ಹೌಸಿನಲ್ಲಿ ನೀವು ಆಚರಿಸುವ ಹ್ಯಾಲೋವೀನ್‌ನಲ್ಲಿ ವೇಷವಿದೆ, ಕುಂಬಳಕಾಯಿ ಇದೆ, ಕಿವಿ ಕಿವುಡಾಗುವಷ್ಟು ಸಂಗೀತವೂ ಇದೆ. ಆದರೆ ಆ ಹಬ್ಬದ ಜೀವಾಳವಾಗಿದ್ದ ಒಂದೇ ಒಂದು ಸಂಗತಿ ಇಲ್ಲ: ಗುರುತಿಲ್ಲದವರ ಮನೆಯ ಕರೆಗಂಟೆ ಒತ್ತುವುದು. ಆಶ್ಚರ್ಯವೆಂದರೆ, ಆ ಹಬ್ಬ ಬೆಳೆದು ದೊಡ್ಡದಾದ ಅಮೆರಿಕದಲ್ಲೂ ಅದು ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ. ನಿಮ್ಮಲ್ಲಿ ಎಷ್ಟೋ ಮಂದಿ ಓದಲು, ದುಡಿಯಲು ನಾಳೆ ಅಲ್ಲಿಗೇ ಹೋಗುವವರು. ಆದ್ದರಿಂದ ಈ ಕಥೆ ನಿಮಗೆ ಗೊತ್ತಿರಲಿ. (ಕನ್ನಡ ಓದುವುದು ನಿಧಾನವಾದರೆ ಅಮ್ಮನ ಹತ್ತಿರ ಓದಿಸಿಕೊಳ್ಳಿ, ಅವರಿಗೂ ಸ್ವಲ್ಪ ಹೊತ್ತು ಕೂತಂತಾಗುತ್ತದೆ.)

ಬಾಗಿಲಿಂದ ಬಾಗಿಲಿಗೆ ಹೋಗಿ ಬೇಡುವ ಈ ಪದ್ಧತಿ ಬಹಳ ಹಳೆಯದು. ನಾನು ಬಿ.ಎ.ನಲ್ಲಿ ಇಂಗ್ಲಿಷ್ ಓದಿದವಳು. ಶೇಕ್ಸ್‌ಪಿಯರನ ‘ಟೂ ಜೆಂಟಲ್‌ಮೆನ್ ಆಫ್ ವೆರೋನಾ’ ನಾಟಕದಲ್ಲಿ ಆಳೊಬ್ಬ ಪ್ರೇಮಕ್ಕೆ ಬಿದ್ದ ತನ್ನ ಯಜಮಾನನನ್ನು ಹ್ಯಾಲೋಮಸ್ ಹಬ್ಬದ ಭಿಕ್ಷುಕನಿಗೆ ಹೋಲಿಸಿ ಗೇಲಿ ಮಾಡುತ್ತಾನೆ. ಹ್ಯಾಲೋಮಸ್ ಎಂದರೆ ಇದೇ ನವೆಂಬರ್ 1, ಸಕಲ ಸಂತರ ದಿನ. ಅದರ ಮರುದಿನ ಸಕಲ ಆತ್ಮಗಳ ದಿನ. ಹ್ಯಾಲೋವೀನ್ ಅದರ ಹಿಂದಿನ ಸಂಜೆ. ಇಂಗ್ಲೆಂಡಿನ ಬಡವರೂ ಮಕ್ಕಳೂ ಆ ದಿನಗಳಲ್ಲಿ ಮನೆಮನೆಗೆ ಹೋಗಿ, ನಿಮ್ಮ ಮನೆಯಲ್ಲಿ ತೀರಿಕೊಂಡವರ ಆತ್ಮಗಳಿಗಾಗಿ ಪ್ರಾರ್ಥಿಸುತ್ತೇವೆ ಎಂದು ಹೇಳಿ ‘ಸೋಲ್ ಕೇಕ್’ ಎಂಬ ಪುಟ್ಟ ರೊಟ್ಟಿ ಪಡೆಯುತ್ತಿದ್ದರು. ಪಿತೃಪಕ್ಷದಲ್ಲಿ ನಾವು ಹಸಿದವರಿಗೆ ಅನ್ನವಿಡುವುದಿಲ್ಲವೇ, ಹೆಚ್ಚು ಕಡಿಮೆ ಅದೇ ಭಾವನೆ. ಸ್ಕಾಟ್ಲೆಂಡಿನಲ್ಲಿ, ಐರ್ಲೆಂಡಿನಲ್ಲಿ ಮಕ್ಕಳು ವೇಷ ಹಾಕಿಕೊಂಡು ಹೋಗುತ್ತಿದ್ದರು. ಅಲ್ಲಿ ಪುಕ್ಕಟೆ ಏನೂ ಸಿಗುತ್ತಿರಲಿಲ್ಲ. ಒಂದು ಹಾಡೋ ಪದ್ಯವೋ ಹಾಸ್ಯವೋ ಒಪ್ಪಿಸಬೇಕು, ಆಮೇಲೆ ಸೇಬು ಅಥವಾ ಬೀಜಗಳು ಕೈಗೆ. ಕುಂಬಳಕಾಯಿಯೂ ಆಗ ಇರಲಿಲ್ಲ, ಗಡ್ಡೆ ಕೊರೆದು ದೀಪವಿಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಅಲ್ಲಿ ಹೇರಳವಾಗಿದ್ದ ಕುಂಬಳಕಾಯಿ ಗಡ್ಡೆಯ ಜಾಗಕ್ಕೆ ಬಂತು.

‘ಟ್ರಿಕ್ ಆರ್ ಟ್ರೀಟ್’, ಅಂದರೆ ತಿಂಡಿ ಕೊಡುತ್ತೀರೋ ಇಲ್ಲಾ ಚೇಷ್ಟೆ ಮಾಡಲೋ ಎಂಬ ಮಾತು ಹುಟ್ಟಿದ್ದು ಮಾತ್ರ ಇತ್ತೀಚೆಗೆ. 1910-20ರ ದಶಕಗಳಲ್ಲಿ ಕೆನಡಾದ ಪತ್ರಿಕೆಗಳಲ್ಲಿ ಅದು ಕಾಣಿಸಿಕೊಂಡಿತು. ಚೇಷ್ಟೆಗಳೇನೂ ಸಣ್ಣವಲ್ಲ. ಗೇಟು ಕಿತ್ತು ಎಲ್ಲೋ ಬಿಸಾಡುವುದು, ಕಿಟಕಿಗೆ ಸೋಪು ಬಳಿಯುವುದು, ಗಾಜು ಒಡೆಯುವುದು! ಅಯೋವಾ ರಾಜ್ಯದ ಡೆ ಮೊಯಿನ್ ನಗರದಲ್ಲಿ 1938ರಲ್ಲಿ ಈ ಪುಂಡಾಟ ಮಿತಿಮೀರಿತು. ಆಗ ಊರಿನ ಹಿರಿಯರು ಕಂಡುಕೊಂಡ ಉಪಾಯ ನನಗಂತೂ ಬಹಳ ಹಿಡಿಸಿತು. ಮಕ್ಕಳಿಗೆ ಒಂದು ಸಂಜೆಯನ್ನು ಗೊತ್ತುಮಾಡಿ, ಮನೆಮನೆಗೆ ಹೋಗಿ ಒಂದು ಜೋಕೋ ಒಗಟೋ ಹೇಳಿದರೆ ಮಿಠಾಯಿ ಎಂದರು. ಪೊಲೀಸರಿಂದ ಆಗದ್ದು ಮಿಠಾಯಿಯಿಂದ ಆಯಿತು. ಜೋಕು ಹೇಳುವ ಆ ರೂಢಿ ಆ ಊರಿನಲ್ಲಿ ಇವತ್ತಿಗೂ ಉಳಿದಿದೆ. ಬೇರೆ ಬೇರೆ ಊರುಗಳಲ್ಲೂ ಇದೇ ರೀತಿ, ಚೇಷ್ಟೆಯ ಹಬ್ಬ ಮಿಠಾಯಿಯ ಹಬ್ಬವಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ರೇಷನ್ ಬಂದು ಸ್ವಲ್ಪ ತಡೆಯಾಯಿತು. 1947ರಲ್ಲಿ ರೇಷನ್ ಎತ್ತಿದ ಮೇಲೆ ಕೇಳಬೇಕೆ! ಹೊಸ ಹೊಸ ಬಡಾವಣೆಗಳು, ಮನೆಗೆ ಮೂರು ನಾಲ್ಕು ಮಕ್ಕಳು. 1950ರಲ್ಲಿ ಫಿಲಡೆಲ್ಫಿಯಾದ ಪಾದ್ರಿ ದಂಪತಿಗಳು ಹಾಲಿನ ಖಾಲಿ ಡಬ್ಬಿಗಳನ್ನು ಮಕ್ಕಳ ಕೈಗೆ ಕೊಟ್ಟು, ಮಿಠಾಯಿಯ ಜೊತೆಗೆ ಯುನಿಸೆಫ್‌ಗೆ ಚಿಲ್ಲರೆ ಕಾಸು ಕೂಡಿಸುವ ಪರಿಪಾಠವನ್ನೂ ಆರಂಭಿಸಿದರು.

2022ರ ಅಕ್ಟೋಬರಿನಲ್ಲಿ ಮಗಳ ಬಾಣಂತನಕ್ಕೆಂದು ನಾನು ನ್ಯೂಜೆರ್ಸಿಯಲ್ಲಿದ್ದೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಮೆರಿಕನ್ ಹೆಂಗಸು ಒಬ್ಬರೇ ಇದ್ದರು. ಮಗುವನ್ನು ಬಿಸಿಲಿಗೆ ಹಿಡಿದು ನಾನು ಹೊರಗೆ ಕೂತಾಗ ಬೇಲಿಯ ಆಚೆಯಿಂದ ಮಾತಿಗೆ ಸಿಗುತ್ತಿದ್ದರು. ಅವರ ಬಾಲ್ಯದ ಹ್ಯಾಲೋವೀನ್ ವರ್ಣನೆ ಕೇಳಬೇಕಿತ್ತು. ಅಂಗಡಿಯ ವೇಷವಿಲ್ಲ, ಹಳೆಯ ದುಪ್ಪಟಿಗೆ ಎರಡು ತೂತು ಕೊರೆದರೆ ದೆವ್ವ, ಅಪ್ಪನ ಕೋಟು ಹಾಕಿ ಮುಖಕ್ಕೆ ಮಸಿ ಬಳಿದರೆ ಅಲೆಮಾರಿ. ಕೈಯಲ್ಲಿ ದಿಂಬಿನ ಚೀಲ. ದೊಡ್ಡವರು ಯಾರೂ ಜೊತೆಗಿಲ್ಲ. ಚೀಲ ತುಂಬುವವರೆಗೆ ಬೀದಿ ಬೀದಿ ಸುತ್ತುವುದು. ಒಬ್ಬರ ಮನೆಯಲ್ಲಿ ಬೆಲ್ಲದ ಪಾಕದಂಥದ್ದರಲ್ಲಿ ಅದ್ದಿದ ಜೋಳದರಳಿನ ಉಂಡೆ, ಇನ್ನೊಬ್ಬರಲ್ಲಿ ಆಗತಾನೇ ಸುಟ್ಟ ಬಿಸ್ಕತ್ತು. ಬೀದಿಯ ಕೊನೆಯಲ್ಲಿ ಒಬ್ಬ ಮುದುಕಿ ಇದ್ದರಂತೆ. ವರ್ಷವಿಡೀ ಯಾರೊಡನೆಯೂ ಮಾತಿಲ್ಲ, ಚೆಂಡು ಹೋಗಿ ಅವರ ಹಿತ್ತಲಿಗೆ ಬಿದ್ದರೆ ಮರಳಿ ಬರುತ್ತಿರಲಿಲ್ಲ. ಆ ಒಂದು ರಾತ್ರಿ ಮಾತ್ರ ಅವರೇ ಬಾಗಿಲು ತೆರೆದು, ಒಂದೊಂದು ಮುಖವಾಡವನ್ನೂ ಎತ್ತಿ, ನೀನು ಯಾರ ಮಗ, ನೀನು ಯಾರ ಮೊಮ್ಮಗಳು ಎಂದು ವಿಚಾರಿಸಿ ಸೇಬು ಕೊಡುತ್ತಿದ್ದರಂತೆ. ಮರುದಿನದಿಂದ ಅವರ ಹಿತ್ತಲಿಗೆ ಬಿದ್ದ ಚೆಂಡನ್ನು ಕೇಳುವ ಧೈರ್ಯ ಮಕ್ಕಳಿಗೆ ಬಂತು.

ಆ ಮಾತು ಕೇಳುವಾಗ ನನಗೆ ನೆನಪಾದದ್ದು ನನ್ನ ಮೈಸೂರು. ನವರಾತ್ರಿಯ ಸಂಜೆ ಲಂಗ ಹಾಕಿಕೊಂಡು, ಗೊಂಬೆ ಕೂರಿಸಿದ್ದೀರಾ ಎಂದು ಕೂಗುತ್ತ ಕಂಡ ಕಂಡ ಮನೆಗೆ ನುಗ್ಗುತ್ತಿದ್ದೆವು. ಹಾಡು ಹೇಳು ಎಂದರೆ ಹೇಳಬೇಕು, ಆಮೇಲೆ ಗೊಂಬೆ ಬಾಗಿನ. ಕೊಬ್ಬರಿ ಮಿಠಾಯಿಯೋ ಕಡಲೆ ಉಸಲಿಯೋ. ಚೇಷ್ಟೆಯ ಭಾಗ ಬೇಕೆಂದರೆ ಕಾಮನ ಹಬ್ಬ ಇತ್ತಲ್ಲ! ಸೌದೆ, ಬೆರಣಿ ಕೊಡದ ಮನೆಯ ಹಳೆಯ ಬಾಗಿಲೇ ರಾತ್ರೋರಾತ್ರಿ ಮಾಯವಾಗುತ್ತಿತ್ತು. ಕರಾವಳಿಯ ಮಕ್ಕಳೇ, ಆಷಾಢದ ಮಳೆಯಲ್ಲಿ ಮನೆಯ ಮಾರಿ ಕಳೆಯಲು ಅಂಗಳಕ್ಕೆ ಬರುವ ಆಟಿ ಕಳೆಂಜನ ಬಗ್ಗೆ ನಿಮ್ಮ ಅಜ್ಜಿಯನ್ನು ಕೇಳಿ. ನಾನು ಹೇಳುವುದಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ಸರಿ, ಆ ವರ್ಷದ ಅಕ್ಟೋಬರ್ 31ಕ್ಕೆ ಮಗಳು ಎರಡು ದೊಡ್ಡ ಚೀಲ ಚಾಕಲೇಟು ತಂದಿಟ್ಟಿದ್ದಳು. ನಾನು ರೇಷ್ಮೆ ಸೀರೆ ಉಟ್ಟು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತೆ. ಒಟ್ಟು ಬಂದವರು ಏಳು ಮಕ್ಕಳು. ಅದರಲ್ಲಿ ಮೂವರು ಒಂದೇ ಮನೆಯವರು, ಹಿಂದೆ ಅವರ ಅಪ್ಪ ಕಾರಿನಲ್ಲಿ ನಿಧಾನವಾಗಿ ಬರುತ್ತಿದ್ದ. ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳ ಪೋರ್ಚಿನ ದೀಪ ಆರಿತ್ತು. ಅಲ್ಲಿನ ಸಂಕೇತ ಅದು: ದೀಪ ಉರಿಯುತ್ತಿದ್ದರೆ ಬನ್ನಿ, ಆರಿದ್ದರೆ ಬರಬೇಡಿ. ಕೆಲವರು ಮೆಟ್ಟಿಲ ಮೇಲೆ ಒಂದು ಬಟ್ಟಲು ಇಟ್ಟು, ಒಂದೇ ತೆಗೆದುಕೊಳ್ಳಿ ಎಂದು ಚೀಟಿ ಅಂಟಿಸಿ ಒಳಗೆ ಟಿವಿ ನೋಡುತ್ತಿದ್ದರು. ಊರಿನಲ್ಲಿ ಮಕ್ಕಳಿರಲಿಲ್ಲವೆಂದಲ್ಲ. ಹಿಂದಿನ ಶನಿವಾರವೇ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಅವರ ಹ್ಯಾಲೋವೀನ್ ಮುಗಿದಿತ್ತು. ಸಾಲಾಗಿ ನಿಲ್ಲಿಸಿದ ಕಾರುಗಳ ಡಿಕ್ಕಿ ತೆರೆದು, ಅದಕ್ಕೆ ಜೇಡರ ಬಲೆ, ಅಸ್ಥಿಪಂಜರದ ಅಲಂಕಾರ ಮಾಡಿ, ಡಿಕ್ಕಿಯಿಂದ ಡಿಕ್ಕಿಗೆ ಮಕ್ಕಳನ್ನು ನಡೆಸಿ ಮಿಠಾಯಿ ಹಂಚುತ್ತಾರೆ. ಇದಕ್ಕೆ ‘ಟ್ರಂಕ್ ಆರ್ ಟ್ರೀಟ್’ ಎಂದು ಹೆಸರು. 1990ರ ದಶಕದಲ್ಲಿ ಚರ್ಚುಗಳ ಅಂಗಳದಲ್ಲಿ ಶುರುವಾದದ್ದು ಈಗ ದೇಶದ ತುಂಬ ಇದೆ. ಇಪ್ಪತ್ತು ನಿಮಿಷದಲ್ಲಿ ಚೀಲ ಭರ್ತಿ.

ಇದೆಲ್ಲ ಯಾಕಾಯಿತು? ಭಯ ಎನ್ನುತ್ತಾರೆ. ಆದರೆ ಆ ಭಯದ ಬೇರನ್ನು ಸ್ವಲ್ಪ ಕೆದಕಿ ನೋಡಬೇಕು. 1960ರ ದಶಕದ ಕೊನೆಯಲ್ಲಿ ಸೇಬಿನೊಳಗೆ ಬ್ಲೇಡು ಇಟ್ಟು ಮಕ್ಕಳಿಗೆ ಕೊಡುತ್ತಾರೆಂಬ ಸುದ್ದಿ ಹಬ್ಬಿತು. 1974ರಲ್ಲಿ ಟೆಕ್ಸಾಸಿನ ಡೀರ್ ಪಾರ್ಕ್ ಎಂಬಲ್ಲಿ ಎಂಟು ವರ್ಷದ ಬಾಲಕನೊಬ್ಬ ಹ್ಯಾಲೋವೀನ್ ರಾತ್ರಿ ಸಯನೈಡ್ ಬೆರೆತ ಮಿಠಾಯಿ ತಿಂದು ಸತ್ತ. ಇಡೀ ದೇಶ ತಲ್ಲಣಿಸಿತು. ಕೊಟ್ಟವರು ಯಾರು? ಅಪರಿಚಿತನಲ್ಲ, ಸ್ವಂತ ತಂದೆ! ಜೀವವಿಮೆಯ ಹಣಕ್ಕಾಗಿ. ಅವನಿಗೆ 1984ರಲ್ಲಿ ಮರಣದಂಡನೆಯಾಯಿತು. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ‘ಹ್ಯಾಲೋವೀನ್ ಮಿಠಾಯಿಯಲ್ಲಿ ವಿಷ’ ಎಂಬ ಎರಡು ಮೂರು ಪದಗಳು, ತಂದೆ ಎಂಬ ಪದ ಕಳಚಿ ಬಿತ್ತು.

ಇನ್ನು 1982. ನೀವೆಲ್ಲ ನೋಡಿರುವ ‘ಇ.ಟಿ.’ ಚಿತ್ರ ಆ ವರ್ಷದ ಜೂನ್ ತಿಂಗಳಲ್ಲಿ ತೆರೆಗೆ ಬಂತು. ಅನ್ಯಗ್ರಹದ ಆ ಜೀವಿಗೆ ಬಿಳಿಯ ದುಪ್ಪಟಿ ಹೊದಿಸಿ ಮಕ್ಕಳು ಹ್ಯಾಲೋವೀನ್ ಬೀದಿಯಲ್ಲಿ ನಡೆಸಿಕೊಂಡು ಹೋಗುವ ದೃಶ್ಯ ನೆನಪಿದೆಯೇ? ಬೀದಿ ತುಂಬ ಮಕ್ಕಳು! ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಷಿಕಾಗೋ ಸುತ್ತಮುತ್ತ ಟೈಲೆನಾಲ್ ಮಾತ್ರೆಗಳ ಸೀಸೆಗೆ ಯಾರೋ ಸಯನೈಡ್ ಸೇರಿಸಿ ಏಳು ಜನ ಸತ್ತರು. ಅದಕ್ಕೂ ಹಬ್ಬಕ್ಕೂ ಸಂಬಂಧವಿಲ್ಲ. ಆದರೆ ತಿಂಗಳೊಳಗೆ ಹ್ಯಾಲೋವೀನ್ ಬಂತು. ಕೆಲವು ಊರುಗಳು ಬಾಗಿಲು ಸುತ್ತುವುದನ್ನೇ ನಿಷೇಧಿಸಿದವು. ಕೆಲವು ಆಸ್ಪತ್ರೆಗಳು ಮಕ್ಕಳ ಮಿಠಾಯಿ ಚೀಲಕ್ಕೆ ಎಕ್ಸ್‌ರೇ ತೆಗೆದುಕೊಟ್ಟವು. ಮನೆಯಲ್ಲಿ ಮಾಡಿದ ತಿಂಡಿ ಕೊಡುವುದು ಬಹುಮಟ್ಟಿಗೆ ನಿಂತೇಹೋಯಿತು.

ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು 1958ರಿಂದೀಚಿನ ಪತ್ರಿಕೆಗಳನ್ನೆಲ್ಲ ಜಾಲಾಡಿ 1985ರಲ್ಲಿ ತಮ್ಮ ಲೇಖನ ಪ್ರಕಟಿಸಿದರು. ಆಮೇಲೂ ದಶಕಗಟ್ಟಲೆ ಲೆಕ್ಕ ಇಡುತ್ತ ಬಂದಿದ್ದಾರೆ. ಮನೆಗೆ ಬಂದ ಅಪರಿಚಿತ ಮಗುವಿಗೆ ವಿಷ ಬೆರೆಸಿದ ಮಿಠಾಯಿ ಕೊಟ್ಟು ಯಾರಾದರೂ ಕೊಂದ ಒಂದೇ ಒಂದು ಖಚಿತ ಪ್ರಕರಣ ಅವರಿಗೆ ಸಿಕ್ಕಿಲ್ಲ. ಬಂದ ದೂರುಗಳಲ್ಲಿ ಬಹುಪಾಲು ಮಕ್ಕಳೇ ಮಾಡಿದ ಕಿತಾಪತಿ. ಇಷ್ಟಾದರೂ ಪ್ರತಿ ಅಕ್ಟೋಬರಿನಲ್ಲಿ ಆ ಎಚ್ಚರಿಕೆಗಳು ಮತ್ತೆ ಹೊರಡುತ್ತವೆ, ಈಗ ವಾಟ್ಸ್ಆ್ಯಪಿನಲ್ಲಿ. ನಮ್ಮಲ್ಲಿ ಮಕ್ಕಳ ಕಳ್ಳರ ವದಂತಿ ಹರಡುವುದಿಲ್ಲವೇ, ಹಾಗೆ.

ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಇದೆ, ಆದರೆ ಮಿಠಾಯಿಯಲ್ಲಲ್ಲ, ರಸ್ತೆಯಲ್ಲಿ. 1975ರಿಂದ 2016ರವರೆಗಿನ 42 ವರ್ಷಗಳ ಅಪಘಾತಗಳನ್ನು ಪರಿಶೀಲಿಸಿದ ವೈದ್ಯರು, ಬೇರೆ ಸಂಜೆಗಳಿಗಿಂತ ಹ್ಯಾಲೋವೀನ್ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ ಶೇಕಡಾ 43ರಷ್ಟು ಹೆಚ್ಚು ಎಂದು ಕಂಡುಕೊಂಡರು. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಅದು ಹತ್ತು ಪಟ್ಟು. ಹೀಗಾಗಿ ಪಾರ್ಕಿಂಗ್ ಜಾಗಕ್ಕೆ ಮಕ್ಕಳನ್ನು ಒಯ್ಯುವ ತಾಯಂದಿರನ್ನು ನಾನು ಹೀಗಳೆಯಲಾರೆ. ಎಷ್ಟೋ ಬಡಾವಣೆಗಳಲ್ಲಿ ಕಾಲುದಾರಿಯೇ ಇಲ್ಲ. ಆದರೂ ನೋಡಿ, ಕಾರಿಗೆ ಹೆದರಿ ಮಕ್ಕಳು ಕಾರಿನ ಡಿಕ್ಕಿಯಲ್ಲೇ ಹಬ್ಬ ಮಾಡುವಂತಾಯಿತು!

ಮಕ್ಕಳ ಸಂಖ್ಯೆಯೂ ಇಳಿದಿದೆ. 17 ಕೋಟಿ ಜನರಿದ್ದ 1957ರ ಅಮೆರಿಕದಲ್ಲಿ ಹುಟ್ಟಿದ ಕೂಸುಗಳು 43 ಲಕ್ಷ. 33 ಕೋಟಿ ಜನರಿದ್ದ 2023ರಲ್ಲಿ ಹುಟ್ಟಿದ್ದು ಸುಮಾರು 36 ಲಕ್ಷ. ಮಕ್ಕಳಿಲ್ಲದ ಬೀದಿಗೆ ಮಕ್ಕಳು ಎಲ್ಲಿಂದ ಬಂದಾರು? ಇದ್ದ ಮಕ್ಕಳನ್ನೂ ತಂದೆತಾಯಿಯರು ಕಾರಿನಲ್ಲಿ ಕೂರಿಸಿಕೊಂಡು ‘ಒಳ್ಳೆಯ’ ಬೀದಿಗಳಿಗೆ ಒಯ್ಯುತ್ತಾರೆ. ಯಾವ ಮನೆಯಲ್ಲಿ ಮಿಠಾಯಿ ಉಂಟೆಂದು ಮೊಬೈಲಿನಲ್ಲಿ ನಕ್ಷೆಯೂ ಸಿಗುತ್ತದೆ. ಒಂದು ಬೀದಿಯಲ್ಲಿ ಜಾತ್ರೆ, ಪಕ್ಕದ ಬೀದಿ ಬಣಬಣ. ದೊಡ್ಡ ಹುಡುಗರು ಬಂದರೆ ಮುಖ ಸಿಂಡರಿಸುವವರೂ ಇದ್ದಾರೆ. ವರ್ಜೀನಿಯಾದ ಚೆಸಪೀಕ್ ನಗರದಲ್ಲಿ 12 ವರ್ಷ ದಾಟಿದವರು ಮಿಠಾಯಿ ಬೇಡಿದರೆ ಜೈಲು ಎಂಬ 1970ರ ಕಾನೂನು 2019ರವರೆಗೂ ಪುಸ್ತಕದಲ್ಲಿತ್ತು. ಆಗ ವಯಸ್ಸನ್ನು 14ಕ್ಕೆ ಏರಿಸಿ ಜೈಲಿನ ಮಾತು ತೆಗೆದರು. 2020ರ ಕೊರೊನಾ ಅಂತೂ ಬಾಗಿಲ ಬಳಿ ಕೈಯಿಂದ ಕೈಗೆ ಕೊಡುವುದನ್ನೇ ಅಪಾಯದ ಪಟ್ಟಿಗೆ ಸೇರಿಸಿತು. ಕೆಲವರು ಉದ್ದನೆಯ ಪೈಪಿನಲ್ಲಿ ಮಿಠಾಯಿ ಜಾರಿಸಿದರು. ಆ ಜಾಣತನಕ್ಕೆ ಭೇಷ್ ಎನ್ನಬೇಕು.

ಹಬ್ಬ ಸೊರಗಿದೆ ಎಂದುಕೊಂಡಿರಾ? ಇಲ್ಲವೇ ಇಲ್ಲ. 2023ರ ಹ್ಯಾಲೋವೀನಿಗೆ ಅಮೆರಿಕನ್ನರು 1,220 ಕೋಟಿ ಡಾಲರ್ ಖರ್ಚು ಮಾಡುವರೆಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟ ಅಂದಾಜು ಮಾಡಿತ್ತು. ಅದರಲ್ಲಿ ನಾಯಿ-ಬೆಕ್ಕುಗಳ ವೇಷಕ್ಕೇ 70 ಕೋಟಿ! ಹನ್ನೆರಡು ಅಡಿ ಎತ್ತರದ ಅಸ್ಥಿಪಂಜರ ಅಂಗಳದಲ್ಲಿ ನಿಂತಿರುತ್ತದೆ, ಬಾಗಿಲು ಮಾತ್ರ ಹಾಕಿರುತ್ತದೆ. ನಮ್ಮ ಮುಂಬಯಿಗೆ ಹಡಗು ಹತ್ತಿ ಬಂದದ್ದು ಈ ಅಸ್ಥಿಪಂಜರ. ಮಾರಲು ಬರುವುದು ಮಾತ್ರ ಸಮುದ್ರ ದಾಟುತ್ತದೆ. ಗುರುತಿಲ್ಲದ ಮುದುಕಿಯ ಸೇಬನ್ನು ಯಾರು ರಫ್ತು ಮಾಡುತ್ತಾರೆ?

ಈಗ ನಾನು ನಿಜಕ್ಕೂ ಹೇಳಬೇಕೆಂದಿದ್ದ ವಿಷಯ. 1992ರ ಅಕ್ಟೋಬರ್ 17ರಂದು ಲೂಸಿಯಾನಾದ ಬ್ಯಾಟನ್ ರೂಜ್ ಊರಿನಲ್ಲಿ, ಯೋಶಿಹಿರೊ ಹಟ್ಟೋರಿ ಎಂಬ 16 ವರ್ಷದ ಜಪಾನಿ ವಿದ್ಯಾರ್ಥಿ ಹ್ಯಾಲೋವೀನ್ ಪಾರ್ಟಿಗೆಂದು ಗೆಳೆಯನ ಜೊತೆ ಹೊರಟ. ನೃತ್ಯದ ಹುಚ್ಚಿನ ಹುಡುಗ, ಜಾನ್ ಟ್ರವೋಲ್ಟನಂತೆ ಬಿಳಿಯ ಸೂಟು ಧರಿಸಿದ್ದ. ಮನೆಯ ಸಂಖ್ಯೆ ತಪ್ಪಾಗಿ ಬೇರೆ ಮನೆಯ ಗಂಟೆ ಒತ್ತಿದರು. ಮನೆಯಾತ ಬಂದೂಕು ಹಿಡಿದು ಹೊರಬಂದು ನಿಲ್ಲುವಂತೆ ಕೂಗಿದ. ಹುಡುಗ ನಗುತ್ತಲೇ ಮುಂದೆ ಬಂದ. ಒಂದೇ ಗುಂಡು. ನ್ಯಾಯಾಲಯ 1993ರಲ್ಲಿ ಆ ಮನುಷ್ಯ ನಿರ್ದೋಷಿ ಎಂದಿತು. ಮರುವರ್ಷ ಸಿವಿಲ್ ನ್ಯಾಯಾಲಯ ಮಾತ್ರ ಅವನನ್ನೇ ಹೊಣೆ ಮಾಡಿತು. ಹುಡುಗನ ತಂದೆತಾಯಿ ಸೇಡಿನ ಮಾತಾಡಲಿಲ್ಲ. ಬಂದೂಕುಗಳ ವಿರುದ್ಧ ಲಕ್ಷಗಟ್ಟಲೆ ಸಹಿ ಸಂಗ್ರಹಿಸಿ 1993ರಲ್ಲಿ ಅಧ್ಯಕ್ಷ ಕ್ಲಿಂಟನ್ನರನ್ನು ಕಂಡರು. 2023ರ ಏಪ್ರಿಲಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆತರಲು ಹೋಗಿ ತಪ್ಪು ಮನೆಯ ಗಂಟೆ ಒತ್ತಿದ 16 ವರ್ಷದ ಕಪ್ಪು ಹುಡುಗನಿಗೆ ಒಳಗಿದ್ದ ಮುದುಕ ಗುಂಡು ಹಾರಿಸಿದ. ಹುಡುಗ ಬದುಕಿಕೊಂಡ.

ನಿಮ್ಮನ್ನು ಹೆದರಿಸಲು ಇದನ್ನು ಬರೆಯಲಿಲ್ಲ. ಬಾಗಿಲಾಚೆ ನಿಂತ ಅಪರಿಚಿತ ಹುಡುಗನನ್ನು ಕಂಡರೆ ಮೊದಲು ಏನು ತೋಚಬೇಕೆಂಬುದು ಒಂದು ಅಭ್ಯಾಸ. ವರ್ಷಕ್ಕೊಂದು ರಾತ್ರಿಯಾದರೂ ಐವತ್ತು ಸಲ ಬಾಗಿಲು ತೆರೆದು, ಐವತ್ತು ಸಲವೂ ಅಲ್ಲಿ ಮಗುವೇ ನಿಂತಿದ್ದುದನ್ನು ಕಂಡವರಿಗೆ ಆ ಅಭ್ಯಾಸ ಬೇರೆ ತರಹ ಆಗಿರುತ್ತದೆ. ಬಾಗಿಲನ್ನೇ ತೆರೆಯದೆ ಕ್ಯಾಮೆರಾ ಗಂಟೆಯಲ್ಲಿ ಇಣುಕುವವರಿಗೆ ಆ ಅಭ್ಯಾಸ ಹೇಗಾದೀತು? ನಮ್ಮ ಟವರುಗಳಲ್ಲೂ ಅಷ್ಟೇ. ಗೇಟಿನಲ್ಲಿ ಹೆಸರು, ನಂಬರು, ಫೋಟೊ. ಎದುರು ಫ್ಲ್ಯಾಟಿನಲ್ಲಿ ಯಾರಿದ್ದಾರೆಂಬುದು ಆ್ಯಪಿಗೆ ಗೊತ್ತು, ನಮಗೆ ಗೊತ್ತಿಲ್ಲ.

2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಂದಿತ್ತಲ್ಲ, ಆ ರಾತ್ರಿ ಮಗಳು ಫೋನ್ ಮಾಡಿದ್ದಳು. ಸಂಜೆ ಮೆಟ್ಟಿಲ ಉದ್ದಕ್ಕೂ ಹಣತೆ ಹಚ್ಚಿಟ್ಟಿದ್ದಳಂತೆ. ಆ ಬೀದಿಯಲ್ಲಿ ಅಷ್ಟು ಬೆಳಕಿದ್ದ ಮನೆ ಅದೊಂದೇ. ನಲವತ್ತಕ್ಕೂ ಹೆಚ್ಚು ಮಕ್ಕಳು ಬಂದರಂತೆ. ಚಾಕಲೇಟು ಮುಗಿದು, ಕೊನೆಗೆ ನಮ್ಮ ಬೇಸನ್ ಲಾಡಿನ ಪೊಟ್ಟಣಗಳನ್ನೂ ಕೊಟ್ಟಳಂತೆ. ಪಕ್ಕದ ಮನೆಯ ಆ ಹೆಂಗಸು ಕೋಲೂರಿಕೊಂಡು ಬಂದು ಕುರ್ಚಿ ಹಾಕಿಸಿಕೊಂಡು ಒಂಬತ್ತರವರೆಗೆ ಕೂತಿದ್ದರಂತೆ.

ನಾಳೆ ನೀವು ಅಲ್ಲಿಗೆ ಹೋದರೆ ಒಂದೆರಡು ವಿಷಯ ತಿಳಿದಿರಿ. ಮನೆಯ ಸಂಖ್ಯೆಯನ್ನು ಎರಡು ಸಲ ನೋಡಿ. ದೀಪ ಆರಿದ ಮನೆಯ ಗಂಟೆ ಒತ್ತಬೇಡಿ. ಕೊಡುವವರು ನೀವಾದರೆ ಕಾರ್ಖಾನೆಯ ಕಾಗದ ಸುತ್ತಿದ ಮಿಠಾಯಿಯನ್ನೇ ತನ್ನಿ; ಕಡಲೆಕಾಯಿ ಇರುವುದು ಬೇಡ, ಎಷ್ಟೋ ಮಕ್ಕಳಿಗೆ ಅಲರ್ಜಿ. ಮಕ್ಕಳು ಬರುವುದು ಹೆಚ್ಚಾಗಿ ಆರರಿಂದ ಎಂಟರ ನಡುವೆ. ಪೋರ್ಚಿನ ದೀಪದ ಸ್ವಿಚ್ಚು ಸಾಮಾನ್ಯವಾಗಿ ಬಾಗಿಲಿನ ಒಳಮಗ್ಗುಲಲ್ಲೇ ಇರುತ್ತದೆ.